ಸ್ನೋಮೊಬೈಲೋ, ಸ್ನೋಬೈಕೋ? ಆಲ್ಬರ್ಟಾಕ್ಕೆ ಹೊರಟ ದುರ್ಗದ ಸವಾರರಿಗೆ

ಪ್ರಶ್ನೆ: ಸರ್, ನಾನು ಚಿತ್ರದುರ್ಗದವನು. ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳಲ್ಲಿ ಟೆಕ್ನೀಷಿಯನ್ ಆಗಿದ್ದೇನೆ. ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಪಿಂಚರ್ ಕ್ರೀಕ್ ಎಂಬ ಊರಿನಲ್ಲಿ ಇದೇ ಕೆಲಸ ಸಿಕ್ಕಿದೆ. ಸೆಪ್ಟೆಂಬರ್‌ನಲ್ಲಿ ಹೊರಡುತ್ತೇನೆ. ಮರುವರ್ಷ ಹೆಂಡತಿ, ಮಗಳು ಬರುತ್ತಾರೆ. ನನ್ನ ಹತ್ತಿರ ಎಕ್ಸ್‌ಪಲ್ಸ್ 200 ಬೈಕ್ ಇದೆ. ಭಾನುವಾರ ಬಂದರೆ ಕಲ್ಲುಮಣ್ಣಿನ ದಾರಿ ಹುಡುಕಿಕೊಂಡು ಹೋಗುವ ಹುಚ್ಚು. ಅಲ್ಲಿಯ ಚಳಿಗಾಲದಲ್ಲಿ ಸುಮ್ನೆ ಮನೆಯಲ್ಲಿ ಕೂರಲು ಮನಸ್ಸಿಲ್ಲ. ಅಲ್ಲಿನ ಸಹೋದ್ಯೋಗಿಗಳು ಸ್ನೋಮೊಬೈಲ್ ತಗೋ ಅನ್ನುತ್ತಾರೆ. ನಾನು ವಿಡಿಯೋದಲ್ಲಿ ಸ್ನೋಬೈಕ್ ನೋಡಿ ಮರುಳಾಗಿದ್ದೇನೆ. ಬೈಕ್ ಓಡಿಸುವವನಿಗೆ ಅದೇ ಸುಲಭ ಅಲ್ವಾ? ಹಿಮಾಲಯನ್ 450 ಬೈಕ್ ತಗೊಂಡು ಅದಕ್ಕೇ ಸ್ನೋಬೈಕ್ ಕಿಟ್ ಹಾಕಿಸಬಹುದಾ? ಎರಡರಲ್ಲಿ ಒಂದಕ್ಕೆ ಮಾತ್ರ ದುಡ್ಡು ಹೊಂದಿಸಬಲ್ಲೆ. ಯಾವುದು ತಗೊಳ್ಳಲಿ?
(ಹೆಸರು ಬೇಡ ಎಂದಿದ್ದಾರೆ, ಚಿತ್ರದುರ್ಗ)

ಉತ್ತರ: ಮೊದಲು ನನ್ನ ತೀರ್ಮಾನ ಹೇಳುತ್ತೇನೆ, ಕಾರಣ ಆಮೇಲೆ. ಮೊದಲ ಚಳಿಗಾಲಕ್ಕೆ ಎರಡನ್ನೂ ಕೊಳ್ಳಬೇಡಿ. ಬಾಡಿಗೆಗೆ ತಗೊಂಡು ಓಡಿಸಿ. ಎರಡನೇ ಚಳಿಗಾಲದ ಹೊತ್ತಿಗೂ ಹುಚ್ಚು ಹಾಗೇ ಇದ್ದರೆ ಒಂದು ಸೆಕೆಂಡ್ ಹ್ಯಾಂಡ್ ಸ್ನೋಮೊಬೈಲ್ ಕೊಳ್ಳಿ. ಸ್ನೋಬೈಕ್ ಮಾತು ಅದರ ನಂತರ. ಆಲ್ಬರ್ಟಾದ ಪಕ್ಕದ ಪ್ರಾಂತ್ಯ ಬ್ರಿಟಿಷ್ ಕೊಲಂಬಿಯಾದ ಒಂದು ವರ್ಕ್‌ಶಾಪಿನಲ್ಲಿ ಕೆಲವು ಚಳಿಗಾಲ ಈ ಎರಡೂ ಗಾಡಿಗಳನ್ನು ಬಿಚ್ಚಿ ಜೋಡಿಸಿದ್ದೇನೆ. ಈಗ ದಾವಣಗೆರೆಯಲ್ಲಿ ಡರ್ಟ್ ಬೈಕ್ ಕೆಲಸ ಮಾಡಿಕೊಂಡಿದ್ದೇನೆ. ಬೈಕ್ ಮೇಲೆ ಪ್ರೀತಿ ಕಡಿಮೆಯಾಗಿ ಹೀಗೆ ಹೇಳುತ್ತಿಲ್ಲ. ‘ಬೈಕ್ ಗೊತ್ತು, ಹಾಗಾಗಿ ಸ್ನೋಬೈಕ್’ ಎಂಬ ಲೆಕ್ಕವೇ ಸರಿಯಿಲ್ಲ ಅನ್ನುತ್ತಿದ್ದೇನೆ. ಎಲ್ಲಿ ಓಡಿಸುತ್ತೀರಿ, ಯಾರ ಜೊತೆ ಓಡಿಸುತ್ತೀರಿ ಅನ್ನುವುದರ ಮೇಲೆ ಗಾಡಿ ಆರಿಸಬೇಕು.

ಗಾಡಿಗಳ ಪರಿಚಯ ಚಿಕ್ಕದಾಗಿ. ಸ್ನೋಮೊಬೈಲ್‌ಗೆ ಮುಂದೆ ಎರಡು ಸ್ಕೀ, ಹಿಂದೆ ಅಗಲವಾದ ಒಂದು ರಬ್ಬರ್ ಟ್ರ್ಯಾಕ್. ಅಲ್ಲಿಯವರ ಬಾಯಲ್ಲಿ ಅದು ‘ಸ್ಲೆಡ್’. ಬೆಟ್ಟ ಹತ್ತುವ ಸ್ಲೆಡ್‌ಗಳಲ್ಲಿ ಜಾಸ್ತಿ ಇರುವುದು 600ರಿಂದ 850 ಸಿ.ಸಿ.ಯ ಟೂ-ಸ್ಟ್ರೋಕ್ ಇಂಜಿನ್. 850ರದ್ದು ಸುಮಾರು 165 ಎಚ್‌ಪಿ. ಗೇರ್ ಇಲ್ಲ. ಆಕ್ಟಿವಾದಲ್ಲಿ ಇರುವ ಹಾಗೆ ಬೆಲ್ಟ್ ಮತ್ತು ಎರಡು ಪುಲ್ಲಿಗಳ ಮೇಲೆ ಓಡುತ್ತದೆ. ಸ್ನೋಬೈಕ್ ಅಂದರೆ 450 ಸಿ.ಸಿ.ಯ ಮೋಟೋಕ್ರಾಸ್, ಅಂದರೆ ಮಣ್ಣಿನ ರೇಸಿನ, ಬೈಕ್. ಅದರ ಎರಡೂ ಚಕ್ರ ಬಿಚ್ಚಿ ಮುಂದೆ ಒಂದು ಸ್ಕೀ ಹಾಕುತ್ತಾರೆ. ಹಿಂದೆ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಇದ್ದ ಜಾಗಕ್ಕೆ ಟ್ರ್ಯಾಕ್ ಕೂರಿಸುತ್ತಾರೆ. ಈ ಕಿಟ್‌ಗಳಲ್ಲಿ ಹೆಸರು ಮಾಡಿದ್ದು ಅಮೆರಿಕದ ಐಡಾಹೊ ರಾಜ್ಯದ ಟಿಂಬರ್‌ಸ್ಲೆಡ್. 2015ರಲ್ಲಿ ಅದನ್ನು ಸ್ನೋಮೊಬೈಲ್ ತಯಾರಿಸುವ ಪೊಲಾರಿಸ್ ಕಂಪನಿ ಕೊಂಡಿತು. ಬೈಕಿನ ಕ್ಲಚ್, ಗೇರ್ ಎಲ್ಲ ಹಾಗೇ ಉಳಿಯುತ್ತದೆ. ಶಕ್ತಿ 50ರಿಂದ 55 ಎಚ್‌ಪಿ ಅಷ್ಟೇ. ಆದರೆ ತೂಕ ಕಡಿಮೆ. ಪೆಟ್ರೋಲ್ ತುಂಬಿದ ಬೆಟ್ಟದ ಸ್ಲೆಡ್ 230 ಕೆ.ಜಿ. ದಾಟಿದರೆ, ಸ್ನೋಬೈಕ್ 160ರ ಆಸುಪಾಸಿನಲ್ಲಿ ನಿಲ್ಲುತ್ತದೆ.

ಹಗುರ ಗಾಡಿ ಹಿಮದ ಮೇಲೆ ಚೆನ್ನಾಗಿ ತೇಲಬೇಕಲ್ಲ ಅಂತ ನಿಮಗೆ ಅನ್ನಿಸಬಹುದು. ಹಾಗಾಗುವುದಿಲ್ಲ. ಹರಿಹರ, ಮಲೇಬೆನ್ನೂರು ಕಡೆ ಭತ್ತದ ಗದ್ದೆ ಒಣಗುವ ಮೊದಲೇ ಕಟಾವಿಗೆ ಬಂದರೆ ಟೈರಿನ ಮಷಿನ್ ಹೂತುಕೊಳ್ಳುತ್ತದೆ, ರಬ್ಬರ್ ಬೆಲ್ಟಿನ ಮಷಿನ್ ಆರಾಮಾಗಿ ಹೋಗುತ್ತದೆ. ನೋಡಿರುತ್ತೀರಿ. ಅಲ್ಲಿ ಕೆಲಸ ಮಾಡುವುದು ಬರೀ ತೂಕವಲ್ಲ, ಆ ತೂಕ ಎಷ್ಟು ಜಾಗದ ಮೇಲೆ ಹರಡಿದೆ ಅನ್ನುವುದು. ಬೆಟ್ಟದ ಸ್ಲೆಡ್‌ನ ಟ್ರ್ಯಾಕ್ 15-16 ಇಂಚು ಅಗಲ, ಸುತ್ತಳತೆ 146ರಿಂದ 165 ಇಂಚು. ಸ್ನೋಬೈಕಿನದ್ದು 11 ಇಂಚಿನ ಆಸುಪಾಸು, ಸುತ್ತಳತೆ 120ರಿಂದ 137. ಸ್ಲೆಡ್‌ಗೆ ಸ್ಕೀ ಎರಡು, ಇದಕ್ಕೆ ಒಂದೇ. ಹಾಗಾಗಿ ಸ್ನೋಬೈಕ್ ಆಳದ ಹೊಸ ಹಿಮದಲ್ಲಿ ಕಾಲುವೆ ತೋಡಿಕೊಂಡು ಓಡುವ ಗಾಡಿ. ರೇಸ್ ಬಿಟ್ಟರೆ ಕೂತುಬಿಡುತ್ತದೆ. ಹಿಮ ಸೊಂಟದವರೆಗೆ ಇರುವ ದಿನ, ಉದ್ದದ ಏರು ಇರುವ ಕಡೆ, 850 ಸ್ಲೆಡ್ ಅದನ್ನು ಹಿಂದೆ ಬಿಟ್ಟು ಮೇಲೆ ಹೋಗಿರುತ್ತದೆ. ಎತ್ತರವೂ ಸೇರಿಕೊಳ್ಳುತ್ತದೆ. ಸಾಮಾನ್ಯ ಇಂಜಿನ್ ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ನೂರಕ್ಕೆ ಮೂರರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. 2,000 ಮೀಟರ್‌ನಲ್ಲಿ ನಿಮ್ಮ 50 ಎಚ್‌ಪಿ ಎಷ್ಟಾಗುತ್ತದೆ, ನೀವೇ ಲೆಕ್ಕ ಹಾಕಿ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಬೈಕ್ ಅಭ್ಯಾಸ ಎಷ್ಟು ಉಪಯೋಗ? ಸ್ಲೆಡ್ ವಿಷಯದಲ್ಲಿ ಮೊದಲ ದಿನ ಅದು ತೊಂದರೆಯನ್ನೇ ಕೊಡುತ್ತದೆ. ಸ್ಲೆಡ್‌ನಲ್ಲಿ ರೇಸ್ ಕೊಡುವುದು ಬಲಗೈ ಹೆಬ್ಬೆರಳಿನಿಂದ, ಒಂದು ಪುಟ್ಟ ಲಿವರ್ ಒತ್ತಿ. ಹ್ಯಾಂಡಲ್ ತಿರುಚಿದರೆ ಏನೂ ಆಗುವುದಿಲ್ಲ. ಎಡಗೈಯಲ್ಲಿರುವ ಲಿವರ್ ಕ್ಲಚ್ ಅಲ್ಲ, ಬ್ರೇಕ್. ಕಾಲಿನಲ್ಲಿ ಏನೂ ಇಲ್ಲ. ಬೈಕಿನವರು ಗಾಬರಿಯಾದಾಗ ಎಡಗೈ ತಾನೇ ಕ್ಲಚ್ ಹಿಡಿಯಲು ಹೋಗುತ್ತದೆ, ಅಲ್ವಾ? ಅಲ್ಲಿ ಹಾಗೆ ಹಿಡಿದರೆ ಟ್ರ್ಯಾಕ್ ಲಾಕ್ ಆಗಿ ಗಾಡಿ ಅಡ್ಡ ತಿರುಗುತ್ತದೆ. ಗಾಬರಿಯಲ್ಲಿ ಬಲಗೈ ಮುಷ್ಟಿ ಬಿಗಿದರೆ ಹೆಬ್ಬೆರಳು ಇನ್ನಷ್ಟು ರೇಸ್ ಕೊಡುತ್ತದೆ. ಬಾಡಿಗೆ ಸ್ಲೆಡ್ ಮರಕ್ಕೆ ಹೊಡೆದು ವರ್ಕ್‌ಶಾಪಿಗೆ ತಂದವರಲ್ಲಿ ಬೈಕ್ ಸವಾರರು ಕಡಿಮೆ ಇರಲಿಲ್ಲ. ಒಂದು ಮಾತು ಸೇರಿಸಲಾ? ನಿಮ್ಮ ಮನೆಯವರು ಸ್ಕೂಟಿ ಓಡಿಸುವವರಾದರೆ ಸ್ಲೆಡ್ ಅವರ ಕೈಗೆ ನಿಮಗಿಂತ ಬೇಗ ಹತ್ತಬಹುದು. ಎಡಗೈ ಬ್ರೇಕ್, ಗೇರಿಲ್ಲದ ಗಾಡಿ, ಎರಡೂ ಅವರಿಗೆ ಆಗಲೇ ರೂಢಿ.

ಸ್ನೋಬೈಕಿನಲ್ಲಿ ಕ್ಲಚ್, ಗೇರ್, ರೇಸ್ ಎಲ್ಲ ನಿಮಗೆ ಗೊತ್ತಿರುವ ಜಾಗದಲ್ಲೇ ಇರುತ್ತವೆ. ಮುಂದಿನ ಬ್ರೇಕ್ ಮಾತ್ರ ಇಲ್ಲ. ಸ್ಕೀಗೆ ಬ್ರೇಕ್ ಎಲ್ಲಿಂದ ಬರಬೇಕು! ಇರುವುದೊಂದೇ, ಟ್ರ್ಯಾಕಿಗೆ. ಸಾಮಾನ್ಯವಾಗಿ ಅದು ಬಲಗಾಲಿನಲ್ಲಿರುತ್ತದೆ.

ನಿಮ್ಮ ಅನುಭವ ನಿಜಕ್ಕೂ ಕೈ ಹಿಡಿಯುವುದು ಬೆಟ್ಟದ ಮಗ್ಗುಲಲ್ಲಿ ಅಡ್ಡ ಹೋಗುವಾಗ. ಇಳಿಜಾರಿಗೆ ಅಡ್ಡವಾಗಿ ಓಡಿಸುವುದು ಬೆಟ್ಟದ ಸವಾರಿಯ ಅಡಿಪಾಯ. ಸ್ನೋಬೈಕ್ ಅದನ್ನು ಬೈಕಿನ ಹಾಗೆ ವಾಲಿಸಿಕೊಂಡೇ ಮಾಡುತ್ತದೆ. ಬೆಟ್ಟದ ಕಡೆ ವಾಲಿ, ನೋಟ ಮುಂದಿಟ್ಟು, ರೇಸ್ ಒಂದೇ ಸಮ ಹಿಡಿದರೆ ಗಾಡಿ ದಾರಿ ಹಿಡಿಯುತ್ತದೆ. ಸ್ಲೆಡ್ ಹಾಗಲ್ಲ. ಅದರ ಸಹಜ ಗುಣ ಸಮತಟ್ಟಾಗಿ ಕೂರುವುದು. ಅದನ್ನು ಒಂದು ಅಂಚಿನ ಮೇಲೆ ಎಬ್ಬಿಸಿ, ಬೆಟ್ಟದ ಕಡೆಯ ಕಾಲ್ಹಲಗೆಯ ಮೇಲೆ ನಿಂತು, ಸ್ಕೀಗಳನ್ನು ಇಳಿಜಾರಿನ ಕಡೆ ತಿರುಗಿಸಿ ಹಿಡಿದಿರಬೇಕು. ತಿರುಗಿಸುವ ದಿಕ್ಕು ಒಂದು, ಹೋಗುವ ದಿಕ್ಕು ಇನ್ನೊಂದು. ಇದು ಮೈಗೆ ಹತ್ತಲು ಹೆಚ್ಚಿನವರಿಗೆ ಒಂದಿಡೀ ಚಳಿಗಾಲ ಬೇಕು. ಒತ್ತಾದ ಮರಗಳ ನಡುವೆ ನುಗ್ಗುವುದರಲ್ಲೂ ಸ್ನೋಬೈಕ್ ಮುಂದು. ಹೂತುಕೊಂಡಾಗ ಅದನ್ನು ಮಗ್ಗುಲಿಗೆ ಮಲಗಿಸಿ ಒಬ್ಬರೇ ಎಳೆದು ತೆಗೆಯಬಹುದು. ಹೂತ ಸ್ಲೆಡ್‌ಗೆ ಸಲಿಕೆಯೂ ಬೇಕು, ಇನ್ನಿಬ್ಬರೂ ಬೇಕು. ವಿಡಿಯೋದಲ್ಲಿ ನೀವು ಮರುಳಾಗಿದ್ದು ಈ ಮರಗಳ ನಡುವಿನ ಸವಾರಿಗೇ ಇರಬೇಕು. ಅದು ಸುಳ್ಳಲ್ಲ, ನೋಡಿದಷ್ಟೇ ಚೆನ್ನಾಗಿದೆ.

ಆದರೆ ವಿಡಿಯೋದಲ್ಲಿ ತೋರಿಸದ ಭಾಗವೊಂದಿದೆ. ಗಾಡಿ ಇಳಿಸಿದ ಜಾಗದಿಂದ ಆ ಮರಗಳವರೆಗಿನ ದಾರಿ. ಅದು ಹತ್ತಿಪ್ಪತ್ತು ಕಿಲೋಮೀಟರ್ ಇರಬಹುದು, ಇನ್ನೂ ಜಾಸ್ತಿಯೂ ಇರಬಹುದು. ಮರ ಸಾಗಿಸುವ ಕಾಡುರಸ್ತೆಯ ಮೇಲೆ ಹಿಮ ಗಟ್ಟಿಯಾಗಿ, ಹಿಂದೆ ಹೋದವರ ಗಾಡಿಯ ಗೆರೆಗಳು ಕಲ್ಲಿನ ಹಾಗಾಗಿರುತ್ತವೆ. ಸ್ಲೆಡ್ ಅದರ ಮೇಲೆ ಆರಾಮಾಗಿ ಹೋಗುತ್ತದೆ. ಸ್ನೋಬೈಕಿನ ಒಂಟಿ ಸ್ಕೀ ಪ್ರತಿ ಗೆರೆಗೂ ಸಿಕ್ಕಿಕೊಂಡು ಎಡಕ್ಕೆ ಬಲಕ್ಕೆ ಎಳೆಯುತ್ತದೆ. ಟ್ರ್ಯಾಕಿನ ಎರಡೂವರೆ, ಮೂರು ಇಂಚಿನ ರಬ್ಬರ್ ಹಲ್ಲುಗಳು ಗಟ್ಟಿ ನೆಲದಲ್ಲಿ ಬಾಗುತ್ತವೆ. ಗಾಡಿ ತೇಲಾಡುತ್ತದೆ. ತೋಳು ಸೋತುಹೋಗುತ್ತದೆ. ಮೋಜಿನ ಜಾಗ ತಲುಪುವ ಹೊತ್ತಿಗೇ ಹೊಸಬರ ಅರ್ಧ ಶಕ್ತಿ ಮುಗಿದಿರುತ್ತದೆ, ವಾಪಸ್ ಬರುವಾಗ ಮತ್ತೆ ಅದೇ ದಾರಿ.

ನೀವು ಹೋಗುತ್ತಿರುವ ಊರಿಗೆ ಈ ಮಾತು ಇನ್ನೂ ಜಾಸ್ತಿ ಅನ್ವಯಿಸುತ್ತದೆ. ಪಿಂಚರ್ ಕ್ರೀಕ್ ಇರುವುದು ರಾಕಿ ಪರ್ವತದ ಪೂರ್ವದ ಬುಡದಲ್ಲಿ. ಅಲ್ಲಿ ಗಾಳಿಯಂತ್ರಗಳು ಬಂದಿದ್ದೇ ಆ ಗಾಳಿಗಾಗಿ. ಅದೇ ಗಾಳಿ ಚಳಿಗಾಲದಲ್ಲಿ ಪರ್ವತ ದಾಟಿ ಇಳಿಯುವಾಗ ಬೆಚ್ಚಗಾಗಿ ಬೀಸುತ್ತದೆ. ಅದಕ್ಕೆ ಚಿನೂಕ್ ಅನ್ನುತ್ತಾರೆ. ಬೆಳಿಗ್ಗೆ ಮೂಳೆ ಕೊರೆಯುವ ಚಳಿ ಇದ್ದದ್ದು ಸಂಜೆ ಹೊತ್ತಿಗೆ ಹಿಮ ನೀರಾಗುವಷ್ಟು ಬಿಸಿ. ಊರಲ್ಲಿ ಬಿದ್ದ ಹಿಮ ನಿಲ್ಲುವುದು ಕಷ್ಟ. ಮನೆ ಬಾಗಿಲಿನಿಂದಲೇ ಗಾಡಿ ಹತ್ತಿ ಹೋಗುತ್ತೇನೆ ಅಂದುಕೊಂಡಿದ್ದರೆ ಬಿಟ್ಟುಬಿಡಿ. ಪಶ್ಚಿಮಕ್ಕೆ ಒಂದು ಗಂಟೆಯೊಳಗಿನ ದಾರಿಯಲ್ಲಿ ಕ್ರೋಸ್‌ನೆಸ್ಟ್ ಪಾಸ್ ಸಿಗುತ್ತದೆ. ಪ್ರಾಂತ್ಯದ ಗಡಿ ದಾಟಿ ಇನ್ನೂ ಮುಂದೆ ಹೋದರೆ ಬ್ರಿಟಿಷ್ ಕೊಲಂಬಿಯಾದ ಫರ್ನಿ. ಅಲ್ಲಿ ಹಿಮ ಧಾರಾಳ. ಹತ್ತಿರದ ವಾಟರ್‌ಟನ್ ರಾಷ್ಟ್ರೀಯ ಉದ್ಯಾನ ಎಷ್ಟೇ ಚೆಂದ ಕಂಡರೂ ಈ ಗಾಡಿಗಳಿಗೆ ಒಳಗೆ ಪ್ರವೇಶವಿಲ್ಲ. ಬ್ಯಾಂಫ್‌ನಲ್ಲೂ ಅಷ್ಟೇ.

ಚಿನೂಕ್ ಬಂದುಹೋದ ಮೇಲೆ ಹಿಮದ ಮೇಲ್ಪದರ ಕರಗಿ ಮತ್ತೆ ಹೆಪ್ಪುಗಟ್ಟುತ್ತದೆ. ಆಗ ಸ್ಲೆಡ್‌ಗೂ ಒಂದು ತೊಂದರೆ ಇದೆ. ಬೆಟ್ಟದ ಸ್ಲೆಡ್‌ಗಳು ಇಂಜಿನ್ ತಣ್ಣಗಾಗಲು ಟ್ರ್ಯಾಕ್ ಎರಚುವ ಹಿಮವನ್ನೇ ನಂಬಿವೆ. ಗಟ್ಟಿ ಮಂಜುಗಡ್ಡೆಯ ಮೇಲೆ ಎರಚಲು ಪುಡಿ ಸಿಗುವುದಿಲ್ಲ. ಇಂಜಿನ್ ಕಾಯುತ್ತದೆ. ಟ್ರ್ಯಾಕ್ ಜಾರುವ ಪ್ಲಾಸ್ಟಿಕ್ ಪಟ್ಟಿಗಳೂ ಸವೆಯುತ್ತವೆ, ಏಕೆಂದರೆ ಅವಕ್ಕೂ ಹಿಮವೇ ಗ್ರೀಸ್. ಅದಕ್ಕೇ ಮಂಜುಗಡ್ಡೆ ಕೆರೆದು ಪುಡಿ ಎಬ್ಬಿಸುವ ಸ್ಪ್ರಿಂಗ್ ಕಡ್ಡಿಗಳನ್ನು ಹಾಕಿರುತ್ತಾರೆ. ಸ್ಕ್ರ್ಯಾಚರ್ ಅಂತ ಕೇಳಿ, ಇಲ್ಲದಿದ್ದರೆ ಹಾಕಿಸಿ. ಸ್ನೋಬೈಕಿನ ಕಥೆ ಉಲ್ಟಾ. ಅದರ ರೇಡಿಯೇಟರ್ ಬೇಸಿಗೆಯ ರೇಸಿಗಾಗಿ ಮಾಡಿದ್ದು. ಮೈನಸ್ 20ರಲ್ಲಿ ಇಂಜಿನ್ ಬಿಸಿಯೇ ಏರುವುದಿಲ್ಲ. ಇಂಜಿನ್ ಬಿಸಿ ಹಿಡಿದಿಡುವ ಥರ್ಮೋಸ್ಟಾಟ್ ಸೇರಿಸಬೇಕು, ಗಾಳಿ ಎಳೆಯುವ ಕಡೆ ಹಿಮ ಹೋಗದಂತೆ ಕವರ್ ಹಾಕಬೇಕು. ಇವಿಲ್ಲದ ಸ್ನೋಬೈಕ್ ಕಾಡಿನ ಮಧ್ಯೆ ಮಿಸ್ ಹೊಡೆದು ನಿಲ್ಲುತ್ತದೆ. ಕಿಕ್ಕರ್ ಮಾತ್ರ ಇರುವ ಹಳೆಯ ಬೈಕಾದರೆ ಮುಗಿದೇ ಹೋಯಿತು. ಹಿಮದಲ್ಲಿ ಒಂದು ಕಾಲಿಟ್ಟರೆ ತೊಡೆವರೆಗೆ ಇಳಿಯುತ್ತದೆ. ಇನ್ನೊಂದರಲ್ಲಿ ಕಿಕ್ ಹೊಡೆಯುವುದು ಹೇಗೆ? ಸೆಲ್ಫ್ ಸ್ಟಾರ್ಟ್ ಇಲ್ಲದ ಸ್ನೋಬೈಕನ್ನು ಬಿಟ್ಟಿ ಕೊಟ್ಟರೂ ತಗೊಳ್ಳಬೇಡಿ.

ಯಾರ ಜೊತೆ ಹೋಗುತ್ತೀರಿ ಅನ್ನುವುದಕ್ಕೆ ಬರೋಣ. ನಿಮ್ಮ ಸಹೋದ್ಯೋಗಿಗಳು ಸ್ಲೆಡ್ ಸವಾರರು. ಸ್ಲೆಡ್‌ನಲ್ಲಿ 35-40 ಲೀಟರ್ ಪೆಟ್ರೋಲ್ ಹಿಡಿಯುತ್ತದೆ. ಮೋಟೋಕ್ರಾಸ್ ಬೈಕಿನ ಟ್ಯಾಂಕ್ ಆರೇಳು ಲೀಟರ್. ಆಳದ ಹಿಮದಲ್ಲಿ ಸದಾ ರೇಸ್ ಹಿಡಿದೇ ಓಡಿಸುವುದರಿಂದ ಮೈಲೇಜ್ ಮಾತಾಡುವಂತಿಲ್ಲ. ಹೆಚ್ಚುವರಿ ಟ್ಯಾಂಕ್ ಹಾಕಿಸದೆ ಅವರ ಜೊತೆ ಇಡೀ ದಿನ ಸುತ್ತಲು ಆಗುವುದಿಲ್ಲ. ಉದ್ದದ ಏರಿನಲ್ಲಿ ನೀವು ಹಿಂದೆ, ಮರಗಳ ನಡುವೆ ಅವರು ಹಿಂದೆ. ದಿನವಿಡೀ ಯಾರೋ ಒಬ್ಬರು ಇನ್ನೊಬ್ಬರಿಗೆ ಕಾಯುತ್ತಿರುತ್ತೀರಿ. ಬೇಸರಕ್ಕಿಂತ ದೊಡ್ಡ ವಿಷಯವೂ ಇದೆ. ಸ್ನೋಬೈಕ್ ನುಗ್ಗುವ ಕಣಿವೆಗೆ ಸ್ಲೆಡ್ ಬರಲಾರದು. ಅಲ್ಲಿ ಕಾಲು ಮುರಿದುಕೊಂಡರೆ ಯಾರು ಹೇಗೆ ಎತ್ತಿಕೊಂಡು ಬರುತ್ತಾರೆ? ಸ್ನೋಬೈಕ್ ಇರುವ ಇನ್ನಿಬ್ಬರು ಜೊತೆಗಾರರು ಸಿಗುವವರೆಗೆ ಸ್ನೋಬೈಕ್ ಕೊಳ್ಳಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮರುವರ್ಷ ಮನೆಯವರು ಬರುತ್ತಾರೆ ಅಂದಿರಿ. ನನ್ನ ಮಟ್ಟಿಗೆ ಅಲ್ಲಿಗೇ ತೀರ್ಮಾನ ಆದ ಹಾಗೆ. ಸ್ನೋಬೈಕ್ ಒಬ್ಬರ ಗಾಡಿ. ಸ್ಲೆಡ್‌ಗಳಲ್ಲಿ ಇಬ್ಬರು ಕೂರುವ ಮಾದರಿಗಳಿವೆ, ಹಿಂದೆ ಸಾಮಾನಿನ ಗಾಡಿ ಎಳೆಯುವಂಥವೂ ಇವೆ. ಬೆಟ್ಟದ ಮಾದರಿಗಳಲ್ಲಿ ಮಾತ್ರ ಹಿಂದಿನ ಸೀಟು ಇರುವುದಿಲ್ಲ, ಅದು ನೆನಪಿರಲಿ. ಈ ಯಂತ್ರ ಹುಟ್ಟಿದ್ದೇ ಜನ, ಸಾಮಾನು ಸಾಗಿಸಲು. ಕ್ವಿಬೆಕ್ ಪ್ರಾಂತ್ಯದ ವಾಲ್‌ಕೋರ್ ಎಂಬ ಸಣ್ಣ ಊರಿನಲ್ಲಿ ಜೋಸೆಫ್-ಅರ್ಮಾಂಡ್ ಬೊಂಬಾರ್ಡಿಯರ್ ಎಂಬ ಮೆಕ್ಯಾನಿಕ್ ಇದ್ದರು. 1934ರ ಚಳಿಗಾಲದಲ್ಲಿ ಅವರ ಎರಡು ವರ್ಷದ ಮಗ ಕಾಯಿಲೆ ಬಿದ್ದ. ರಸ್ತೆಯೆಲ್ಲ ಹಿಮ. ಆಸ್ಪತ್ರೆಗೆ ಒಯ್ಯಲಾಗದೆ ಮಗು ತೀರಿಕೊಂಡಿತು. ಅದಕ್ಕೂ ಮೊದಲಿಂದಲೇ ಅವರು ಹಿಮದ ಗಾಡಿಗಳ ಪ್ರಯೋಗದಲ್ಲಿದ್ದರು. ಮುಂದೆ ಹಲವರನ್ನು ಒಟ್ಟಿಗೆ ಒಯ್ಯುವ ದೊಡ್ಡ ಟ್ರ್ಯಾಕ್ ಗಾಡಿಗಳನ್ನು ಮಾಡಿದರು. ಅವು ಶಾಲೆಯ ಮಕ್ಕಳಿಗೆ, ವೈದ್ಯರಿಗೆ, ಟಪಾಲಿಗೆ ಓಡಾಡಿದವು. 1959ರಲ್ಲಿ ಪುಟ್ಟ ಸ್ಕೀ-ಡೂ ಬಂತು. ಇವತ್ತಿಗೂ ಆ ಹೆಸರಿನಲ್ಲೇ ಗಾಡಿ ಬರುತ್ತಿದೆ. ನಮ್ಮ ಸೇನೆ ಸಿಯಾಚಿನ್‌ನಲ್ಲಿ ಓಡಿಸುವ ಸ್ನೋ ಸ್ಕೂಟರ್ ಕೂಡ ಇದೇ ಜಾತಿ. ಸ್ನೋಬೈಕ್‌ಗೆ ಈ ಹೊರೆ ಇಲ್ಲ. ಅದು ಶುದ್ಧ ಮೋಜಿಗೆ ಹುಟ್ಟಿದ್ದು.

ಇನ್ನು ನೀವು ಕೇಳದೇ ಇರುವ ವಿಷಯ. ಅವಲಾಂಚ್, ಅಂದರೆ ಹಿಮಕುಸಿತ. ಗಾಡಿಗಿಂತ ಮೊದಲು ಇದಕ್ಕೆ ದುಡ್ಡು ತೆಗೆದಿಡಿ. ಹೆಚ್ಚಿನ ಹಿಮಕುಸಿತಗಳು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಆಗುತ್ತವೆ. ಸವಾರರಿಗೆ ಆಸೆ ಹುಟ್ಟಿಸುವ ಇಳಿಜಾರೂ ಅದೇ. ಗಾಳಿ ನಿಮ್ಮ ಕಸುಬು, ಹಾಗಾಗಿ ಒಂದು ವಿಷಯ ಬೇಗ ಅರ್ಥವಾಗುತ್ತದೆ. ಗಾಳಿ ಬೆಟ್ಟದ ಒಂದು ಮಗ್ಗುಲಿನಿಂದ ಹಿಮ ಎತ್ತಿಕೊಂಡು ಹೋಗಿ ನೆತ್ತಿ ದಾಟಿದ ಮೇಲೆ ಮರೆಯ ಮಗ್ಗುಲಿನಲ್ಲಿ ಸುರಿಯುತ್ತದೆ. ಅಲ್ಲಿ ಹಲಗೆಯಂಥ ಗಟ್ಟಿ ಪದರ ಕಟ್ಟುತ್ತದೆ. ಅದರ ಕೆಳಗಿನ ಪದರ ಸಡಿಲವಾಗಿದ್ದರೆ ಒಂದು ಗಾಡಿಯ ಭಾರ ಸಾಕು, ಇಡೀ ಹಲಗೆ ಬಿರುಕು ಬಿಟ್ಟು ಜಾರುತ್ತದೆ. ಆಕಾಶ ತಿಳಿಯಾಗಿದೆ, ಎರಡು ದಿನದಿಂದ ಹಿಮ ಬಿದ್ದಿಲ್ಲ ಅಂತ ಧೈರ್ಯ ಮಾಡಬೇಡಿ. ಗಾಳಿ ಬೀಸಿದ್ದರೆ ಸಾಕು. ನಿಮ್ಮ ಊರಿನಲ್ಲಿ ಗಾಳಿ ಬೀಸದ ದಿನ ಅಪರೂಪ.

ಫರ್ನಿ ಹತ್ತಿರ 2008ರ ಡಿಸೆಂಬರ್ 28ರಂದು ನಡೆದಿದ್ದನ್ನು ಆ ಕಡೆಯ ಸವಾರರು ಇನ್ನೂ ಮರೆತಿಲ್ಲ. ಪಕ್ಕದ ಸ್ಪಾರ್‌ವುಡ್ ಊರಿನ 11 ಮಂದಿ ಸ್ಲೆಡ್ ಸವಾರರು ಹೋಗಿದ್ದರು. ಒಂದು ಗುಂಪಿನ ಮೇಲೆ ಹಿಮ ಕುಸಿಯಿತು. ಉಳಿದವರು ಅಗೆದು ತೆಗೆಯಲು ಬಂದರು. ಅಗೆಯುತ್ತಿರುವಾಗಲೇ ಮತ್ತೆ ಕುಸಿಯಿತು. ಎಂಟು ಜನ ತೀರಿಕೊಂಡರು. ಅವರು ಹೊಸಬರಲ್ಲ, ಆ ಬೆಟ್ಟಗಳನ್ನು ಬಲ್ಲವರು. ಅದಕ್ಕೇ ಇಳಿಜಾರಿನ ಮೇಲೆ ಒಂದು ಸಲಕ್ಕೆ ಒಬ್ಬರೇ ಅನ್ನುವ ನಿಯಮ. ಗೆಳೆಯನ ಗಾಡಿ ಅರ್ಧ ಏರಿನಲ್ಲಿ ಹೂತುಕೊಂಡರೆ ಸಹಾಯಕ್ಕೆ ಅಂತ ಮೇಲೆ ಓಡಬೇಡಿ. ಅವನು ತಾನೇ ಬಿಡಿಸಿಕೊಂಡು ಬರಲಿ. ಉಳಿದವರು ಕುಸಿತ ಮುಟ್ಟದ ಜಾಗದಲ್ಲಿ, ಗಾಡಿಯ ಮುಖ ಹೊರಡುವ ದಿಕ್ಕಿಗೆ ತಿರುಗಿಸಿಟ್ಟುಕೊಂಡು, ಕಣ್ಣು ಮೇಲಿಟ್ಟು ನಿಲ್ಲಬೇಕು. ನಮ್ಮ ಕಡೆಯವರಿಗೆ ಇದು ಒಗ್ಗುವುದು ಕಷ್ಟ. ಒಬ್ಬ ಬಿದ್ದರೆ ಹತ್ತು ಜನ ಓಡುವುದು ನಮ್ಮ ಗುಣ.

ಅವಲಾಂಚ್ ಕೆನಡಾ ಎಂಬ ಸಂಸ್ಥೆ ಚಳಿಗಾಲದಲ್ಲಿ ಪ್ರತಿದಿನ ಪ್ರದೇಶವಾರು ಮುನ್ಸೂಚನೆ ಕೊಡುತ್ತದೆ. ಅಪಾಯಕ್ಕೆ ಐದು ಹಂತಗಳಿವೆ. ಮೂರನೆಯ ಹಂತ ಕೇಳಲು ನಡುವಿನದು ಅನ್ನಿಸುತ್ತದೆ, ಆದರೆ ಸಾವುಗಳಲ್ಲಿ ದೊಡ್ಡ ಪಾಲು ಆಗುವುದು ಆ ದಿನಗಳಲ್ಲೇ. ನಾಲ್ಕು, ಐದು ಇದ್ದಾಗ ಜನ ಹೆದರಿ ಮನೆಯಲ್ಲಿರುತ್ತಾರೆ. ಹೋದ ತಕ್ಷಣ ಎರಡು ದಿನದ ಮೊದಲ ಹಂತದ ತರಬೇತಿ ಮಾಡಿ. ಅದನ್ನು ಎಎಸ್‌ಟಿ 1 ಅನ್ನುತ್ತಾರೆ. ಸ್ಲೆಡ್ ಸವಾರರಿಗೇ ನಡೆಸುವ ತರಗತಿ ಆರಿಸಿಕೊಳ್ಳಿ. ಹೂತವರು ಎಲ್ಲಿದ್ದಾರೆ ಎಂದು ಸಿಗ್ನಲ್‌ನಿಂದ ತೋರಿಸುವ ಟ್ರಾನ್ಸೀವರ್, ಹಿಮಕ್ಕೆ ಚುಚ್ಚಿ ಹುಡುಕಲು ಮಡಚುವ ಉದ್ದನೆಯ ಕೋಲು, ಅಗೆಯಲು ಸಲಿಕೆ, ಈ ಮೂರೂ ಮೈಮೇಲೆ ಇರಬೇಕು. ಗಾಡಿಯ ಡಿಕ್ಕಿಯಲ್ಲಿಟ್ಟರೆ ಗಾಡಿ ಎಲ್ಲೋ, ನೀವು ಎಲ್ಲೋ. ಟ್ರಾನ್ಸೀವರ್ ಬಟ್ಟೆಯ ಒಳಪದರದಲ್ಲಿ, ಮೊಬೈಲಿನಿಂದ ಕನಿಷ್ಠ 20 ಸೆಂಟಿಮೀಟರ್ ದೂರ ಇರಲಿ. ಹೂತವರನ್ನು ಹತ್ತು ಹದಿನೈದು ನಿಮಿಷದಲ್ಲಿ ಹೊರಗೆ ತೆಗೆದರೆ ಬದುಕುವ ಸಾಧ್ಯತೆ ಚೆನ್ನಾಗಿರುತ್ತದೆ. ಆಮೇಲೆ ಸರ್ರನೆ ಇಳಿಯುತ್ತದೆ. ಅಷ್ಟರೊಳಗೆ ಹೆಲಿಕಾಪ್ಟರ್ ಬರುವುದಿಲ್ಲ. ತೆಗೆಯಬೇಕಾದವರು ಜೊತೆಯಲ್ಲಿ ಇರುವವರೇ. ಒಬ್ಬರೇ ಹೋಗಬೇಡಿ ಎಂಬ ಮಾತಿಗೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಹಿಮಾಲಯನ್ 450 ವಿಷಯ. ಬೇಡ. ಅದು 40 ಎಚ್‌ಪಿಯ, 196 ಕೆ.ಜಿ. ತೂಕದ ಗಾಡಿ. ಕಿಟ್ ಹಾಕುವ ಮೋಟೋಕ್ರಾಸ್ ಬೈಕ್‌ಗಳು 105-110 ಕೆ.ಜಿ. ತೂಗುತ್ತವೆ, ಶಕ್ತಿ ಇನ್ನೂ ಜಾಸ್ತಿ. ಹಿಮಾಲಯನ್‌ಗೆ ಕಿಟ್ ಸೇರಿದರೆ ತೂಕ ಸ್ಲೆಡ್‌ನಷ್ಟಾಗುತ್ತದೆ, ಶಕ್ತಿ ಅದರ ಕಾಲುಭಾಗ. ಸಿ.ಸಿ. ಒಂದೇ ಅಂತ ಇಂಜಿನ್ ಒಂದೇ ಅಲ್ಲ. ನಿಮ್ಮ ಎಕ್ಸ್‌ಪಲ್ಸ್‌ನ 19 ಎಚ್‌ಪಿ ಬಗ್ಗೆ ಮಾತೇ ಬೇಡ. 250 ಸಿ.ಸಿ. ಮೋಟೋಕ್ರಾಸ್ ಬೈಕೇ ಆಳದ ಹಿಮದಲ್ಲಿ ಏದುಸಿರು ಬಿಡುತ್ತದೆ.

ದುಡ್ಡಿನ ಲೆಕ್ಕದಲ್ಲಿ ಸ್ನೋಬೈಕ್ ಅಗ್ಗ ಅನ್ನುವ ನಂಬಿಕೆ ಇದೆ. ಹೊಸ 450 ಮತ್ತು ಹೊಸ ಕಿಟ್ ಕೂಡಿಸಿದರೆ ಹೊಸ ಸ್ಲೆಡ್‌ನ ಬೆಲೆಯ ಹತ್ತಿರಕ್ಕೇ ಬರುತ್ತದೆ. ಉಳಿತಾಯ ಇರುವುದು ಬೇಸಿಗೆಗೂ ಅದೇ ಬೈಕ್ ಓಡಿಸುವವರಿಗೆ. ವಸಂತ ಬಂದಾಗ ಕಿಟ್ ಬಿಚ್ಚಿ ಚಕ್ರ ಹಾಕಿದರೆ ಡರ್ಟ್ ಬೈಕ್ ಸಿದ್ಧ. ಪಿಕಪ್ ಟ್ರಕ್ಕಿನ ಹಿಂಬದಿಯಲ್ಲೇ ಹಿಡಿಸುತ್ತದೆ, ಸ್ಲೆಡ್‌ಗೆ ಟ್ರೈಲರ್ ಬೇಕು ಅಥವಾ ಟ್ರಕ್ ಮೇಲೆ ಹಲಗೆ ಕಟ್ಟಿಸಬೇಕು. ಆದರೆ ಮೋಟೋಕ್ರಾಸ್ ಇಂಜಿನ್ ಸಾಕುವುದು ಸುಲಭವಲ್ಲ. ಅದರ ಸರ್ವಿಸ್ ಲೆಕ್ಕ ಕಿಲೋಮೀಟರಿನಲ್ಲಿ ಇಲ್ಲ, ಗಂಟೆಯಲ್ಲಿ. ಕೆಲವೇ ಸವಾರಿಗೆ ಆಯಿಲ್ ಬದಲಿಸಬೇಕು, ವಾಲ್ವ್ ನೋಡುತ್ತಿರಬೇಕು. ಸ್ಲೆಡ್‌ನಲ್ಲಿ ಕಾಟ ಕೊಡುವುದು ಡ್ರೈವ್ ಬೆಲ್ಟ್. ಯಾವಾಗ ಬೇಕಾದರೂ ಹರಿಯಬಹುದು. ಸ್ಪೇರ್ ಬೆಲ್ಟ್ ಇಲ್ಲದೆ ಯಾರೂ ಹೊರಡುವುದಿಲ್ಲ. ಬದಲಿಸುವುದನ್ನು ಮನೆಯ ಶೆಡ್ಡಿನಲ್ಲೇ ಕಲಿತುಕೊಳ್ಳಿ, ಮೈನಸ್ 20ರಲ್ಲಿ ಬರಿಗೈಯಲ್ಲಿ ಕಲಿಯುವ ಕೆಲಸ ಅಲ್ಲ ಅದು.

ಸೆಕೆಂಡ್ ಹ್ಯಾಂಡ್ ಸ್ಲೆಡ್ ನೋಡಲು ಹೋದಾಗ ಬಣ್ಣ, ಸ್ಟಿಕ್ಕರ್ ನೋಡಬೇಡಿ. ಟ್ರ್ಯಾಕಿನ ಮೇಲಿನ ಲೋಹದ ಹೊದಿಕೆಗೆ ಟನಲ್ ಅನ್ನುತ್ತಾರೆ. ಅದು ಬಾಗಿದ್ದರೆ, ಸುಕ್ಕು ಕಂಡರೆ, ಗಾಡಿ ಎಲ್ಲಿಂದಲೋ ಬಿದ್ದಿದೆ. ಸ್ಕೀ ಎರಡೂ ಸಮಾನವಾಗಿವೆಯಾ ನೋಡಿ. ಟ್ರ್ಯಾಕಿನ ಹಲ್ಲು ಹರಿದಿದೆಯಾ ಎಂದು ಒಂದು ಸುತ್ತು ತಿರುಗಿಸಿ ನೋಡಿ. ಮಾರುವವರಿಗೆ ಮೊದಲೇ ಫೋನ್ ಮಾಡಿ, ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅನ್ನಿ. ತಣ್ಣಗಿರುವ ಇಂಜಿನ್ ಹೇಗೆ ಸ್ಟಾರ್ಟ್ ಆಗುತ್ತದೆ ಅನ್ನುವುದರಲ್ಲಿ ಅರ್ಧ ಗುಟ್ಟು ಇದೆ. ಎರಡೂ ಸಿಲಿಂಡರಿನ ಕಂಪ್ರೆಷನ್, ಅಂದರೆ ಒಳಗಿನ ಒತ್ತಡ, ಪರೀಕ್ಷೆ ಮಾಡಿಸಿ, ಎರಡರಲ್ಲಿ ವ್ಯತ್ಯಾಸ ಜಾಸ್ತಿ ಇದ್ದರೆ ಎದ್ದು ಬನ್ನಿ. ನಿಮಗೆ ಬೇಕಿರುವುದು 850 ಅಲ್ಲ. 600 ಸಿ.ಸಿ.ಯ, 146 ಅಥವಾ 154 ಇಂಚಿನ ಟ್ರ್ಯಾಕಿನ ಗಾಡಿ ಸಾಕು. ಯಮಾಹಾ ಸಿಕ್ಕರೆ ಇಂಜಿನ್ ಗಟ್ಟಿ, ಆದರೆ ಅವರು 2025ರ ಮಾದರಿಯೇ ಕೊನೆ ಎಂದು 2023ರಲ್ಲೇ ಹೇಳಿದ್ದಾರೆ. ಫೋರ್-ಸ್ಟ್ರೋಕ್ ಆದರೆ ಭಾರವೂ ಜಾಸ್ತಿ. ಕೊಳ್ಳಲು ಒಳ್ಳೆಯ ಸಮಯ ಏಪ್ರಿಲ್, ಮೇ. ಹಿಮ ಕರಗಿದ ಮೇಲೆ ಮಾರುವವರಿಗೆ ಅವಸರ, ಕೊಳ್ಳುವವರಿಗೆ ಇಲ್ಲ.

ಕಾಗದಪತ್ರ ಕಡೆಗಣಿಸಬೇಡಿ. ಆಲ್ಬರ್ಟಾದಲ್ಲಿ ಸರ್ಕಾರಿ ಜಾಗದಲ್ಲಿ ಓಡಿಸಲು ನೋಂದಣಿ, ನಂಬರ್ ಪ್ಲೇಟ್, ಇನ್ಶೂರೆನ್ಸ್ ಬೇಕು. ಹೆಲ್ಮೆಟ್ 2017ರಿಂದ ಕಡ್ಡಾಯ. ಸ್ಥಳೀಯ ಕ್ಲಬ್‌ಗಳು ದಾರಿ ಸಮ ಮಾಡುತ್ತವೆ, ಅದಕ್ಕೆ ಪಾಸ್ ತಗೋಬೇಕು. ಬ್ರಿಟಿಷ್ ಕೊಲಂಬಿಯಾದಲ್ಲಿ ಕ್ಯಾರಿಬೂ ಜಿಂಕೆಗಳಿಗಾಗಿ ಕೆಲವು ಬೆಟ್ಟಗಳನ್ನು ಮುಚ್ಚಿರುತ್ತಾರೆ. ಗಡಿ ದಾಟುವ ಮೊದಲು ಅಲ್ಲಿನ ನಿಯಮ ಕೇಳಿಕೊಳ್ಳಿ.

ಹಾಗಾದರೆ ಸ್ನೋಬೈಕ್ ಯಾವಾಗ? ಅಲ್ಲಿ ಬೇಸಿಗೆಗೆ ಒಂದು 450 ಡರ್ಟ್ ಬೈಕ್ ಕೊಂಡು, ಜೊತೆಗಾರರು ಸಿಕ್ಕು, ಹಿಮ ಓದುವುದು ಒಂದಿಷ್ಟು ಗೊತ್ತಾದ ಮೇಲೆ ಹಳೆಯ ಕಿಟ್ ಹುಡುಕಿ. ಆ ಕಿಟ್ ಮಾಡಿದ ಕಂಪನಿ ಇನ್ನೂ ಬಿಡಿಭಾಗ ಕೊಡುತ್ತಿದೆಯಾ, ನಿಮ್ಮ ಬೈಕಿನ ಮಾದರಿಗೆ ಜೋಡಣೆ ಭಾಗ ಸಿಗುತ್ತದೆಯಾ ಅಂತ ಮೊದಲು ಕೇಳಿ. ಅದಕ್ಕೂ ಮುಂಚೆ ಒಂದು ದಿನ ಬಾಡಿಗೆಗೆ ತಗೊಂಡು ನೋಡಿ. ಬರೀ ಕಾಡಿನೊಳಗೆ ಅಲ್ಲ, ಹೋಗಿಬರುವ ಗಟ್ಟಿ ದಾರಿಯಲ್ಲೂ ನೀವೇ ಓಡಿಸಿ. ವಾಪಸ್ ಪಾರ್ಕಿಂಗ್‌ಗೆ ಬಂದಾಗ ನಾಳೆಯೂ ಬರಬೇಕು ಅನ್ನಿಸಿದರೆ ಆ ಗಾಡಿ ನಿಮ್ಮದು.

ಇಲ್ಲಿಂದ ಏನು ಒಯ್ಯಬೇಕು ಅನ್ನುವುದು ಕೊನೆಯದು. ನಿಮ್ಮ ರೈಡಿಂಗ್ ಜಾಕೆಟ್, ಬೂಟು ಬೇಡ, ಅಲ್ಲಿಯ ಚಳಿಗೆ ಅವು ಯಾವ ಲೆಕ್ಕಕ್ಕೂ ಇಲ್ಲ. ಹತ್ತಿ ಬನಿಯನ್, ಜೀನ್ಸ್ ಹಾಕಿಕೊಂಡು ಸ್ಲೆಡ್ ಹತ್ತಬೇಡಿ. ಬೆವರು ಹೀರಿ ಒದ್ದೆಯಾದ ಹತ್ತಿ ಮೈಯ ಬಿಸಿಯನ್ನೆಲ್ಲ ಎಳೆದುಬಿಡುತ್ತದೆ. ಉಣ್ಣೆಯ ಒಳಉಡುಪು ಅಲ್ಲೇ ಕೊಳ್ಳಿ. ಹೆಲ್ಮೆಟ್ ಕೂಡ ಅಲ್ಲೇ, ಎರಡು ಪದರದ ಗಾಗಲ್ಸ್ ಜೊತೆ. ಮೊಣಕಾಲು ಗಾರ್ಡ್ ಮಾತ್ರ ಬ್ಯಾಗಿಗೆ ಹಾಕಿಕೊಳ್ಳಿ, ಎರಡೂ ಗಾಡಿಗೆ ಆಗುತ್ತದೆ. ಎಕ್ಸ್‌ಪಲ್ಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹೊರಡುವ ಮೊದಲು ಮಾರಿಬಿಡಿ, ಇಲ್ಲವೇ ಓಡಿಸುವ ತಮ್ಮನಿಗೋ ಗೆಳೆಯನಿಗೋ ಕೊಡಿ. ನಿಂತಲ್ಲೇ ನಿಂತ ಗಾಡಿಯ ಬ್ಯಾಟರಿ, ಟೈರ್, ಫೋರ್ಕ್ ಸೀಲ್ ಎಲ್ಲ ಎರಡು ವರ್ಷದಲ್ಲಿ ಹಾಳಾಗಿ, ಆಮೇಲೆ ಅದು ನನ್ನ ಶೆಡ್ಡಿಗೇ ಬರುತ್ತದೆ.